ಎರರ್ ಬಂದರೆ ಪುಣ್ಯ: ಒಂದೇ ಲ್ಯಾಬು, ಮೂರು ಆಪರೇಟಿಂಗ್ ಸಿಸ್ಟಮ್ಮು

ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಒಂದು ಫೋಲ್ಡರ್ ಸಿಗುತ್ತದೆ. ಸೀನಿಯರ್‌ಗಳು ಬರೆದಿಟ್ಟು ಹೋದ ಸ್ಕ್ರಿಪ್ಟುಗಳೆಲ್ಲ ಅದರಲ್ಲಿ ಇರುತ್ತವೆ. "ಕಾಪಿ ಮಾಡ್ಕೊ, ರನ್ ಮಾಡು, ಆಗುತ್ತೆ" ಅಂತ ಹೇಳಿ ಕೊಟ್ಟವರು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಆಗುವುದಿಲ್ಲ. ಸೀನಿಯರ್ ಬರೆದದ್ದು ಲಿನಕ್ಸಿನಲ್ಲಿ, ಹೊಸಬರ ಹತ್ತಿರ ಇರುವುದು ವಿಂಡೋಸ್ ಲ್ಯಾಪ್‌ಟಾಪು, ಗೈಡ್ ಕೈಯಲ್ಲಿ ಮ್ಯಾಕು, ಮೂಲೆಯ ಮೈಕ್ರೋಸ್ಕೋಪಿಗೆ ಅಂಟಿಕೊಂಡಿರುವ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7, ದೊಡ್ಡ ಲೆಕ್ಕ ಓಡುವ ಕ್ಲಸ್ಟರಿನಲ್ಲಿ ಯಾವುದೋ ಹಳೇ ಲಿನಕ್ಸು. ಎತ್ತು ಏರಿಗೆ, ಕೋಣ ನೀರಿಗೆ. ಎರಡು ದಿನ ಗುದ್ದಾಡಿ, ಸಿಕ್ಕ ಸಿಕ್ಕ ಪ್ಯಾಕೇಜ್ ಹಾಕಿ, ನಾಲ್ಕು ಸಾಲು ಬದಲಾಯಿಸಿ, ಹೇಗೋ ಓಡಿಸುತ್ತಾರೆ. ಸ್ಕ್ರೀನಿನ ಮೇಲೆ ಒಂದು ಸಂಖ್ಯೆ ಬರುತ್ತದೆ. ಎಲ್ಲರಿಗೂ ಸಮಾಧಾನ.

ನನಗೆ ಭಯ ಶುರುವಾಗುವುದೇ ಆಗ. ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ (ಓಎಸ್) ಇರುವ ಲ್ಯಾಬಿನಲ್ಲಿ ಸಾಫ್ಟ್‌ವೇರ್ ಹಂಚಿಕೊಳ್ಳುವುದು ಅಂದರೆ ಎಲ್ಲರೂ ಯೋಚಿಸುವುದು ಇನ್‌ಸ್ಟಾಲ್ ಮಾಡೋದು ಹೇಗೆ ಅಂತ. ಇನ್‌ಸ್ಟಾಲ್ ಆಗದಿದ್ದರೆ ಗೊತ್ತಾಗುತ್ತದೆ. ಕೆಂಪು ಅಕ್ಷರದಲ್ಲಿ ಎರರ್ ಬರುತ್ತದೆ, ಬೈದುಕೊಂಡು ಸರಿ ಮಾಡುತ್ತೇವೆ. ಓಡಿದ ಮೇಲೆ ಎರಡು ಮಷೀನಿನಲ್ಲಿ ಎರಡು ಉತ್ತರ ಬಂದರೆ? ಅದನ್ನು ಹೇಳುವವರು ಯಾರು? ಇಬ್ಬರೂ ಪಕ್ಕಪಕ್ಕ ಕೂತು ಒಂದೇ ಡೇಟಾ ಹಾಕಿ ನೋಡಿದರೆ ಮಾತ್ರ ಗೊತ್ತಾಗುತ್ತದೆ, ಹಾಗೆ ಯಾರೂ ಕೂರುವುದಿಲ್ಲ.

ಇದು ಸುಮ್ನೆ ಹೆದರಿಸಲು ಹೇಳುವ ಮಾತಲ್ಲ. 2019ರಲ್ಲಿ ನಡೆದದ್ದು ನೋಡಿ. ಹವಾಯಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ತಂಡವೊಂದು ಸಯನೋಬ್ಯಾಕ್ಟೀರಿಯಾದಿಂದ ತೆಗೆದ ಹೊಸ ಸಂಯುಕ್ತಗಳ ರಚನೆ ಹುಡುಕುತ್ತಿತ್ತು. ಅದಕ್ಕೆ ಬಳಸಿದ್ದು 2014ರಲ್ಲಿ ನೇಚರ್ ಪ್ರೋಟೋಕಾಲ್ಸ್ ಪತ್ರಿಕೆಯಲ್ಲಿ ಬಂದಿದ್ದ ಪೈಥಾನ್ ಸ್ಕ್ರಿಪ್ಟುಗಳನ್ನು. ಎನ್‌ಎಂಆರ್ ಅಂದರೆ ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ತಿಳಿಯುವ ವಿಧಾನ, ಅದರ ಲೆಕ್ಕಕ್ಕೆ ಆ ಕ್ಷೇತ್ರದವರು ನಂಬಿಕೊಂಡಿದ್ದ ಸ್ಕ್ರಿಪ್ಟುಗಳು ಅವು. ಒಂದೇ ಡೇಟಾ ಹಾಕಿದರೆ ವಿಂಡೋಸ್ 10 ಮತ್ತು ಹಳೆಯ ಮ್ಯಾಕ್ ಮಾವೆರಿಕ್ಸ್‌ನಲ್ಲಿ 173.2 ಬಂತು. ಉಬುಂಟು 16 ಎಂಬ ಲಿನಕ್ಸಿನಲ್ಲಿ 172.4. ಮ್ಯಾಕ್ ಮೊಹಾವೆಯಲ್ಲಿ 172.7. ಎಲ್ಲೂ ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಕೆಮಿಸ್ಟ್ರಿ ಗೊತ್ತಿಲ್ಲದವರಿಗೆ ಒಂದಕ್ಕಿಂತ ಕಡಿಮೆ ವ್ಯತ್ಯಾಸ ಅನ್ನಿಸಬಹುದು, ಆದರೆ ಇದು ಅಣುವಿನ ರಚನೆ ಹೀಗಿದೆಯೋ ಹಾಗಿದೆಯೋ ಎಂದು ತೀರ್ಮಾನ ಮಾಡುವ ಸಂಖ್ಯೆ, ಅಷ್ಟು ಸಾಕು ದಾರಿ ತಪ್ಪಲು. ಈ ಸ್ಕ್ರಿಪ್ಟುಗಳ ಮೇಲೆ ನಿಂತಿದ್ದ ಸುಮಾರು 150 ಪೇಪರುಗಳನ್ನು ಮತ್ತೆ ನೋಡಬೇಕಾದೀತು ಎಂದು ಆಗ ಸುದ್ದಿಯಾಯಿತು.

ತಪ್ಪು ಎಲ್ಲಿತ್ತು ಅಂದರೆ, ನಗು ಬರುತ್ತದೆ. ಸ್ಕ್ರಿಪ್ಟು ಫೋಲ್ಡರಿನಲ್ಲಿರುವ ಫೈಲುಗಳನ್ನು ಜೋಡಿ ಜೋಡಿಯಾಗಿ ಓದಬೇಕಿತ್ತು. ಒಂದರಲ್ಲಿ ಶಕ್ತಿಯ ಲೆಕ್ಕ, ಇನ್ನೊಂದರಲ್ಲಿ ಎನ್‌ಎಂಆರ್ ಲೆಕ್ಕ. ಫೈಲುಗಳ ಪಟ್ಟಿ ತರಲು ಪೈಥಾನಿನ ಗ್ಲಾಬ್ ಎಂಬ ಫಂಕ್ಷನ್ ಬಳಸಿದ್ದರು. ಪಟ್ಟಿ ಯಾವ ಕ್ರಮದಲ್ಲಿ ಬರುತ್ತದೆ ಎಂಬುದಕ್ಕೆ ಗ್ಲಾಬ್ ಯಾವ ಭರವಸೆಯನ್ನೂ ಕೊಡುವುದಿಲ್ಲ, ಓಎಸ್ ಕೊಟ್ಟ ಕ್ರಮವನ್ನೇ ನಮಗೆ ದಾಟಿಸುತ್ತದೆ. ಬರೆದವರ ಮಷೀನಿನಲ್ಲಿ ಅದು ಅಕ್ಷರ ಕ್ರಮದಲ್ಲೇ ಬರುತ್ತಿತ್ತು. ಉಬುಂಟುವಿನಲ್ಲಿ ಬರಲಿಲ್ಲ. ಯಾರದೋ ಶಕ್ತಿ ಯಾರದೋ ಎನ್‌ಎಂಆರ್ ಜೊತೆ ಜೋಡಿಯಾಯಿತು, ಸರಾಸರಿ ಬದಲಾಯಿತು. ಪಟ್ಟಿಯನ್ನು ಮೊದಲು ಸಾರ್ಟ್ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಐದು ವರ್ಷ ಇದು ಯಾರ ಕಣ್ಣಿಗೂ ಬೀಳಲಿಲ್ಲ, ಯಾಕಂದರೆ ಒಬ್ಬೊಬ್ಬರೂ ತಮ್ಮ ತಮ್ಮ ಮಷೀನಿನಲ್ಲಿ ಮಾತ್ರ ಓಡಿಸುತ್ತಿದ್ದರು. ಪ್ರತಿ ಮಷೀನೂ ತನ್ನ ಮಟ್ಟಿಗೆ ಸತ್ಯವನ್ನೇ ಹೇಳುತ್ತಿತ್ತು.

ಇನ್ನೊಂದು ಉದಾಹರಣೆ ನಾನೇ ಲೆಕ್ಕ ಹಾಕಿ ತೋರಿಸುತ್ತೇನೆ, ಮೈಕ್ರೋಸ್ಕೋಪ್ ಇಟ್ಟುಕೊಂಡವರು ಸ್ವಲ್ಪ ನಿಧಾನವಾಗಿ ಓದಿ. 2048 ಗುಣಿಸು 2048 ಪಿಕ್ಸೆಲ್ಲಿನ 16-ಬಿಟ್ ಚಿತ್ರ. ಒಟ್ಟು 41,94,304 ಪಿಕ್ಸೆಲ್. ಚಿತ್ರದ ಒಟ್ಟು ಬೆಳಕು ಎಷ್ಟು ಅಂತ ನೋಡಲು ಎಲ್ಲವನ್ನೂ ಪೈಥಾನಿನ ಲೆಕ್ಕದ ಪ್ಯಾಕೇಜಾದ ನಮ್‌ಪೈಯಲ್ಲಿ ಕೂಡಿಸುತ್ತೀರಿ. ಸರಾಸರಿ ಬೆಳಕು 1,000 ಇದ್ದರೆ ಮೊತ್ತ 419,43,04,000. ಎಲ್ಲ ಮಷೀನಿನಲ್ಲೂ ಅಷ್ಟೇ ಬರುತ್ತದೆ. ಈಗ ಚಿತ್ರ ಸ್ವಲ್ಪ ಹೊಳೆಯಲಿ, ಸರಾಸರಿ 1,100 ಆಗಲಿ. ಲಿನಕ್ಸು, ಮ್ಯಾಕಿನಲ್ಲಿ 461,37,34,400 ಬರುತ್ತದೆ, ಅದೇ ಸರಿ. ನಮ್‌ಪೈ 2.0ಕ್ಕಿಂತ ಹಳೆಯ ವರ್ಷನ್ ಇರುವ ವಿಂಡೋಸಿನಲ್ಲಿ 31,87,67,104 ಬರುತ್ತದೆ. ಯಾಕೆ? ವಿಂಡೋಸಿನಲ್ಲಿ ಸಿ ಭಾಷೆಯ 'ಲಾಂಗ್' ಅಂದರೆ ಇವತ್ತಿಗೂ 32 ಬಿಟ್, ಉಳಿದೆರಡರಲ್ಲಿ 64 ಬಿಟ್. ಹಳೆಯ ನಮ್‌ಪೈ ತನ್ನ ಮಾಮೂಲಿ ಪೂರ್ಣಾಂಕದ ಅಳತೆಯನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತಿತ್ತು. 32 ಬಿಟ್ಟಿನಲ್ಲಿ 429 ಕೋಟಿ ಚಿಲ್ಲರೆ ದಾಟಿದರೆ ಹಳೇ ಸ್ಕೂಟರಿನ ಮೀಟರ್ ತಿರುಗಿದ ಹಾಗೆ ಮತ್ತೆ ಸೊನ್ನೆಯಿಂದ ಶುರು. ಅಂದರೆ ನಿಮ್ಮ ಅತಿ ಪ್ರಕಾಶಮಾನ ಜೀವಕೋಶವೇ ಗ್ರಾಫಿನಲ್ಲಿ ಅತಿ ಮಂಕು ಜೀವಕೋಶ. 2024ರಲ್ಲಿ ಬಂದ ನಮ್‌ಪೈ 2.0 ಇದನ್ನು 64 ಬಿಟ್‌ಗೆ ಬದಲಾಯಿಸಿತು. ಆದರೆ ಎಷ್ಟು ಲ್ಯಾಬಿನಲ್ಲಿ "ಓಡ್ತಾ ಇದೆ, ಮುಟ್ಟಬೇಡ" ಅಂತ ಹಳೆಯದನ್ನೇ ಇಟ್ಟುಕೊಂಡಿಲ್ಲ ಹೇಳಿ?

ಮೆದುಳಿನ ಎಂಆರ್‌ಐ ಚಿತ್ರ ಅಳೆಯುವ ಫ್ರೀಸರ್ಫರ್ ಎಂಬ ಸಾಫ್ಟ್‌ವೇರ್ ಬಗ್ಗೆ 2012ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅದೇ ಚಿತ್ರಗಳು, ವರ್ಷನ್ ಮಾತ್ರ ಬೇರೆ: ಮೆದುಳಿನ ಭಾಗಗಳ ಗಾತ್ರದಲ್ಲಿ ಸರಾಸರಿ 8.8%, ಹೊರಪದರದ ದಪ್ಪದಲ್ಲಿ 2.8% ವ್ಯತ್ಯಾಸ. ವರ್ಷನ್ ಒಂದೇ ಇಟ್ಟು ಮ್ಯಾಕಿನ ಬದಲು ಎಚ್‌ಪಿ ಮಷೀನಿನಲ್ಲಿ ಓಡಿಸಿದರೆ, ಅಥವಾ ಮ್ಯಾಕ್ ಓಎಸ್ 10.5ರಿಂದ 10.6ಕ್ಕೆ ಹೋದರೆ, ಹೆಚ್ಚುಕಡಿಮೆ ಅದರ ಅರ್ಧದಷ್ಟು. ನರರೋಗಗಳ ಅಧ್ಯಯನದಲ್ಲಿ ಹುಡುಕುವ ವ್ಯತ್ಯಾಸವೂ ಇಷ್ಟೇ ದೊಡ್ಡದಿರುತ್ತದೆ ಅಂತ ಅದೇ ಪೇಪರ್ ಹೇಳುತ್ತದೆ. ಅರ್ಧ ರೋಗಿಗಳ ಸ್ಕ್ಯಾನನ್ನು ಒಬ್ಬರು ಮ್ಯಾಕಿನಲ್ಲಿ, ಉಳಿದರ್ಧವನ್ನು ಇನ್ನೊಬ್ಬರು ಲಿನಕ್ಸಿನಲ್ಲಿ ಓಡಿಸಿ ಕೊನೆಗೆ ಒಂದೇ ಟೇಬಲ್ಲಿಗೆ ಸೇರಿಸಿದರೆ ಏನಾಗಬಹುದು ಅಂತ ಯೋಚಿಸಿ. ರೋಗ ಇರುವುದು ಮೆದುಳಿನಲ್ಲೋ ಲ್ಯಾಪ್‌ಟಾಪಿನಲ್ಲೋ.

ಹಾಗಂತ ಎಲ್ಲ ವ್ಯತ್ಯಾಸಕ್ಕೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ದಶಮಾಂಶದ ಲೆಕ್ಕ ನಾವು ಶಾಲೆಯಲ್ಲಿ ಕಲಿತ ಹಾಗೆ ನಡೆಯುವುದಿಲ್ಲ. 0.1 ಮತ್ತು 0.2 ಮೊದಲು ಕೂಡಿಸಿ ಆಮೇಲೆ 0.3 ಸೇರಿಸಿದರೆ 0.6000000000000001. 0.2 ಮತ್ತು 0.3 ಮೊದಲು ಕೂಡಿಸಿ 0.1 ಸೇರಿಸಿದರೆ 0.6. ಕೂಡಿಸುವ ಕ್ರಮ ಬದಲಾದರೆ ಬಾಲ ಬದಲಾಗುತ್ತದೆ. ಮ್ಯಾಟ್ರಿಕ್ಸ್ ಗುಣಿಸುವ ಕೆಲಸವನ್ನು ಒಳಗೆ ಮಾಡುವ ಲೈಬ್ರರಿಗಳು (ಬೇರೆ ಪ್ರೋಗ್ರಾಮುಗಳು ಎರವಲು ಪಡೆಯುವ ಸಿದ್ಧ ಕೋಡು) ಒಂದೊಂದು ಕಡೆ ಒಂದೊಂದು. ಇಂಟೆಲ್‌ನ ಎಂಕೆಎಲ್, ಆಪಲ್‌ನ ಆಕ್ಸಲರೇಟ್, ಎಲ್ಲ ಕಡೆ ಸಿಗುವ ಓಪನ್‌ಬ್ಲಾಸ್. ಪ್ರತಿಯೊಂದೂ ತನಗೆ ವೇಗವಾಗುವ ಕ್ರಮದಲ್ಲಿ ಕೂಡಿಸುತ್ತದೆ. ಹಾಗಾಗಿ ಹದಿನೈದನೇ ಅಂಕೆ ಬೇರೆ ಬಂದರೆ ಗಾಬರಿ ಬೇಡ. ನಾಲ್ಕನೇ ಅಂಕೆ ಬೇರೆ ಬಂದರೆ ಎದ್ದು ಕೂರಬೇಕು. ನಡುವೆ ಇರುವುದೇ ಕಷ್ಟ. ಹವಾಮಾನ ಮಾದರಿ, ಅಣುಗಳ ಚಲನೆಯ ಸಿಮ್ಯುಲೇಶನ್ ತರದ ಲೆಕ್ಕಗಳಲ್ಲಿ ಹದಿನೈದನೇ ಅಂಕೆಯ ವ್ಯತ್ಯಾಸವೇ ಬೆಳೆದು ಬೆಳೆದು ಸ್ವಲ್ಪ ಹೊತ್ತಿನಲ್ಲಿ ಬೇರೆಯದೇ ದಾರಿ ಹಿಡಿಯುತ್ತದೆ. ಅಲ್ಲಿ ಸಂಖ್ಯೆ ಹೋಲಿಸಬಾರದು, ಸರಾಸರಿ ಮತ್ತು ಹರವು ಹೋಲಿಸಬೇಕು. ಯಾವುದಕ್ಕೆ ಎಷ್ಟು ವ್ಯತ್ಯಾಸ ಒಪ್ಪಬಹುದು ಅಂತ ಮೊದಲೇ ಬರೆದಿಟ್ಟಿರುವ ಲ್ಯಾಬು ನಾನು ಕಂಡಿದ್ದು ಬಹಳ ಕಡಿಮೆ.

ಈಗ ಗಲಾಟೆ ಮಾಡುವ ತಪ್ಪುಗಳ ಕಡೆ ಬರೋಣ. ಇವು ತಲೆನೋವು ಕೊಡುತ್ತವೆ, ಆದರೆ ಪ್ರಾಮಾಣಿಕವಾದವು. ಸಾಲು ಮುಗಿಯಿತು ಎನ್ನಲು ಲಿನಕ್ಸು, ಮ್ಯಾಕು ಒಂದು ಗುರುತು ಹಾಕಿದರೆ ವಿಂಡೋಸ್ ಎರಡು ಹಾಕುತ್ತದೆ. ಟೈಪ್‌ರೈಟರ್ ಕಾಲದ ಪಳೆಯುಳಿಕೆ. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಬರೆದ ಶೆಲ್ ಸ್ಕ್ರಿಪ್ಟನ್ನು ಕ್ಲಸ್ಟರಿಗೆ ಹಾಕಿ ಓಡಿಸಿದರೆ "ಬ್ಯಾಡ್ ಇಂಟರ್‌ಪ್ರಿಟರ್" ಅನ್ನುತ್ತದೆ. ಫೈಲ್ ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಆ ಹೆಚ್ಚುವರಿ ಗುರುತು ಕಣ್ಣಿಗೆ ಕಾಣುವುದಿಲ್ಲ ನೋಡಿ, ಹಾಗಾಗಿ ಇಡೀ ಮಧ್ಯಾಹ್ನ ಹಾಳು. ಡಾಸ್‌ಟುಯುನಿಕ್ಸ್ ಎಂಬ ಪುಟ್ಟ ಪ್ರೋಗ್ರಾಂ ಇದನ್ನು ಕ್ಷಣದಲ್ಲಿ ಸರಿ ಮಾಡುತ್ತದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬಳಸುವವರು ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟರೆ ಮತ್ತೆ ಆ ಕಡೆ ತಿರುಗಿ ನೋಡಬೇಕಾಗಿಲ್ಲ. ದೊಡ್ಡಕ್ಷರ ಸಣ್ಣಕ್ಷರದ ಜಗಳವೂ ಹೀಗೇ. ಲಿನಕ್ಸಿಗೆ ದೊಡ್ಡ 'ಡಿ'ಯಿಂದ ಶುರುವಾಗುವ ಡೇಟಾ ಫೈಲು ಬೇರೆ, ಸಣ್ಣ 'ಡಿ'ಯದು ಬೇರೆ. ವಿಂಡೋಸಿಗೆ, ಮಾಮೂಲಿ ಸೆಟ್ಟಿಂಗಿನ ಮ್ಯಾಕಿಗೆ ಎರಡೂ ಒಂದೇ. ಲಿನಕ್ಸಿನಲ್ಲಿ ಎರಡೂ ಹೆಸರಿಟ್ಟು ಕಳಿಸಿದರೆ ಮ್ಯಾಕಿನಲ್ಲಿ ಬಿಚ್ಚುವಾಗ ಒಂದು ಇನ್ನೊಂದನ್ನು ನುಂಗಿಹಾಕುತ್ತದೆ. ಇದನ್ನು ಪ್ರಾಮಾಣಿಕ ಅನ್ನೋದೂ ಕಷ್ಟ.

ಫೈಲ್ ಹೆಸರಿನ ವಿಷಯದಲ್ಲಂತೂ ವಿಂಡೋಸ್ ಹಟಮಾರಿ. ಹೆಸರಲ್ಲಿ ಕೋಲನ್ ಇರಬಾರದು, ಹಾಗಾಗಿ 12:30 ಅಂತ ಸಮಯ ಸೇರಿಸಿ ಹೆಸರಿಡುವ ಲಿನಕ್ಸ್ ಸ್ಕ್ರಿಪ್ಟು ಅಲ್ಲಿ ಸಾಯುತ್ತದೆ. 'ಆಕ್ಸ್', 'ಕಾನ್', 'ನಲ್' ಇವೆಲ್ಲ ವಿಂಡೋಸಿಗಿಂತ ಹಿಂದಿನ ಡಾಸ್ ಕಾಲದಿಂದ ಕಾದಿಟ್ಟ ಹೆಸರುಗಳು, ಫೈಲಿಗೆ ಇಡುವ ಹಾಗಿಲ್ಲ. ದಾರಿಯ ಉದ್ದ 260 ಅಕ್ಷರ ದಾಟಿದರೂ ಅನೇಕ ಪ್ರೋಗ್ರಾಂ ಕೈ ಎತ್ತುತ್ತವೆ. ಮ್ಯಾಕಿನದು ಇನ್ನೊಂದು ತರ. ಪೆನ್‌ಡ್ರೈವಿಗೆ ಫೈಲ್ ಹಾಕಿದರೆ ಪ್ರತಿ ಫೈಲಿನ ಪಕ್ಕ ಚುಕ್ಕಿ ಮತ್ತು ಅಡಿಗೀಟಿನಿಂದ ಶುರುವಾಗುವ ಒಂದು ನೆರಳು ಫೈಲ್ ಇಟ್ಟುಬಿಡುತ್ತದೆ. ಹೆಸರಿನ ಕೊನೆ ಅದೇ 'ಸಿಎಸ್‌ವಿ'. ಮ್ಯಾಕಿನಲ್ಲಿ ಅದು ಕಾಣುವುದಿಲ್ಲ, ಬೇರೆಯವರ ಸ್ಕ್ರಿಪ್ಟಿಗೆ ಕಾಣುತ್ತದೆ, 40 ಸ್ಯಾಂಪಲ್ ಇದ್ದ ಕಡೆ 80 ಆಗುತ್ತದೆ. ಹೆಸರು ಕನ್ನಡದಲ್ಲಿ ಇಡುತ್ತೇನೆ ಅಂದರೆ ಅಲ್ಲೂ ಒಂದು ಮೋಜಿದೆ: 'ಕೋ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಮ್ಯಾಕಿನ ಹಳೆಯ ಫೈಲ್ ಸಿಸ್ಟಮ್ಮು ಇಂಥದ್ದನ್ನು ತಾನೇ ಬಿಡಿಸಿ ಇಟ್ಟುಕೊಳ್ಳುತ್ತಿತ್ತು. ಕಣ್ಣಿಗೆ ಒಂದೇ ಹೆಸರು, ಸ್ಕ್ರಿಪ್ಟಿಗೆ ಬೇರೆ ಬೇರೆ. ಇನ್ನು ಎಕ್ಸೆಲ್. ಹಳೆಯ ಮ್ಯಾಕ್ ಎಕ್ಸೆಲ್ ದಿನಾಂಕವನ್ನು 1904ರಿಂದ ಎಣಿಸುತ್ತಿತ್ತು, ವಿಂಡೋಸಿನದು 1900ರಿಂದ. ಒಂದರ ಶೀಟಿನಿಂದ ಇನ್ನೊಂದಕ್ಕೆ ಬರಿಯ ಸಂಖ್ಯೆ ಕಾಪಿ ಮಾಡಿದರೆ ದಿನಾಂಕ 1,462 ದಿನ ಆಚೀಚೆ. ನಾಲ್ಕು ವರ್ಷ, ಮೇಲೊಂದು ದಿನ.

"ಇಷ್ಟೆಲ್ಲ ಯಾಕೆ, ಸಾಫ್ಟ್‌ವೇರನ್ನೇ ನೆಟ್‌ವರ್ಕ್ ಡ್ರೈವಿನಲ್ಲಿ ಹಾಕಿಬಿಡೋಣ, ಎಲ್ಲರೂ ಅಲ್ಲಿಂದಲೇ ಓಡಿಸಲಿ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಡೇಟಾಗೆ ಇದು ಸರಿ. ಪ್ರೋಗ್ರಾಮಿಗೆ ಅಲ್ಲ. ಮೂರು ಓಎಸ್‌ಗಳ ಪ್ರೋಗ್ರಾಂ ಫೈಲಿನ ಒಳಗಿನ ಕಟ್ಟಡವೇ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಓದಲು ಬರುವುದಿಲ್ಲ. ಜೊತೆಗೆ ಒಂದೊಂದಕ್ಕೂ ಬೇಕಾದ ಲೈಬ್ರರಿಗಳು ಆಯಾ ಮಷೀನಿನ ಒಳಗೇ ಇರಬೇಕು. ಈ ತೊಂದರೆ ಹೊಸದೇನಲ್ಲ. ಜೀವವಿಜ್ಞಾನದವರು ಚಿತ್ರ ಅಳೆಯಲು ದಿನಾ ಬಳಸುವ ಇಮೇಜ್‌ಜೆ ಹುಟ್ಟಿದ್ದೇ ಇದರಿಂದ. ಅದಕ್ಕೂ ಮೊದಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್‌ನಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಬರೆದಿದ್ದ ಎನ್‌ಐಎಚ್ ಇಮೇಜ್ ಇತ್ತು, ಆದರೆ ಅದು ಮ್ಯಾಕಿನಲ್ಲಿ ಮಾತ್ರ ಓಡುತ್ತಿತ್ತು. 1997ರಲ್ಲಿ ಅವರೇ ಜಾವಾದಲ್ಲಿ ಹೊಸದಾಗಿ ಬರೆದರು. ಜಾವಾ ಪ್ರೋಗ್ರಾಂ ಓಎಸ್ ಮೇಲೆ ನೇರ ನಿಲ್ಲುವುದಿಲ್ಲ, ನಡುವೆ ಒಂದು ಹಾಸು ಹಾಕಿಕೊಂಡು ಅದರ ಮೇಲೆ ನಿಲ್ಲುತ್ತದೆ, ಆ ಹಾಸು ಇರುವ ಕಡೆಯೆಲ್ಲ ಓಡುತ್ತದೆ. ಮೂರೂ ಓಎಸ್‌ನಲ್ಲಿ ಅದು ಇವತ್ತಿಗೂ ಹೆಚ್ಚುಕಡಿಮೆ ಒಂದೇ ತರ ನಡೆಯಲು ಅವತ್ತಿನ ಆ ನಿರ್ಧಾರವೇ ಕಾರಣ. ಪೈಥಾನು, ಆರ್ ಭಾಷೆಗಳು ಕೂಡ ಮೇಲ್ನೋಟಕ್ಕೆ ಹೀಗೇ ಅನ್ನಿಸುತ್ತವೆ. ಅವುಗಳ ಹೊಟ್ಟೆಯೊಳಗಿನ ಭಾರದ ಕೆಲಸ ಮಾತ್ರ ಸಿ, ಫೋರ್‌ಟ್ರಾನ್ ಲೈಬ್ರರಿಗಳದ್ದು, ಅವು ಓಎಸ್‌ಗೆ ಓಎಸ್ ಬೇರೆ.

ಈ ಹಳೇ ಕಥೆ ಈಗ ಯಾಕೆ ಜೋರಾಗಿದೆ ಅಂದರೆ, ಎಲ್ಲ ಕಡೆಯೂ ನೆಲ ಒಟ್ಟಿಗೇ ಅಲುಗಾಡುತ್ತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಉಪಕರಣಗಳ ಜೊತೆ ಬಂದ ಕಂಪ್ಯೂಟರುಗಳು ಅಷ್ಟು ಸುಲಭದಲ್ಲಿ ವಿಂಡೋಸ್ 11ಕ್ಕೆ ಹೋಗುವುದಿಲ್ಲ, ಡ್ರೈವರ್ ಸಿಗುವುದಿಲ್ಲ, ಹಾಗಾಗಿ ನೆಟ್‌ವರ್ಕ್ ಕೇಬಲ್ ಕಿತ್ತು ಪೆನ್‌ಡ್ರೈವಿನಲ್ಲಿ ಡೇಟಾ ಹೊರುವ ಕಾಲ ಮತ್ತೆ ಬಂದಿದೆ. ಆಪಲ್ 2020ರಲ್ಲಿ ಇಂಟೆಲ್ ಚಿಪ್ಪು ಬಿಟ್ಟು ತನ್ನದೇ ಚಿಪ್ಪಿಗೆ ಹೊರಳಿತು. ಹಳೆಯ ಪ್ರೋಗ್ರಾಮುಗಳನ್ನು ಹೊಸ ಚಿಪ್ಪಿನ ಮೇಲೆ ಓಡಿಸುವ ರೊಸೆಟ್ಟಾ ಎಂಬ ದುಭಾಷಿ ಇಷ್ಟು ದಿನ ಕೈಹಿಡಿದಿತ್ತು. ಮ್ಯಾಕ್ ಓಎಸ್ 27ರ ನಂತರ ಅದು ಈಗಿನ ಪೂರ್ತಿ ರೂಪದಲ್ಲಿ ಉಳಿಯುವುದಿಲ್ಲ ಅಂತ ಆಪಲ್ 2025ರಲ್ಲೇ ಹೇಳಿದೆ. ಅಂದರೆ ಯಾರೂ ನೋಡಿಕೊಳ್ಳದ ಹಳೆಯ ವಿಜ್ಞಾನದ ಸಾಫ್ಟ್‌ವೇರಿಗೆ ಆಮೇಲಿನ ಮ್ಯಾಕಿನಲ್ಲಿ ಜಾಗ ಇರುವುದಿಲ್ಲ. ಲಿನಕ್ಸಿನವರು ನಗಬೇಕಾಗಿಲ್ಲ. ಕ್ಲಸ್ಟರುಗಳಲ್ಲಿ ವರ್ಷಗಟ್ಟಲೆ ಬೇರುಬಿಟ್ಟಿದ್ದ ಸೆಂಟ್‌ಓಎಸ್ 7ರ ಆಯಸ್ಸು 2024ರ ಜೂನ್ 30ಕ್ಕೆ ಮುಗಿಯಿತು. ಅದರ ಮೂಲ ಲೈಬ್ರರಿ ಗ್ಲಿಬ್‌ಸಿ 2.17, ಹೊಸ ಪ್ರೋಗ್ರಾಮುಗಳು ಅದನ್ನು ಮೂಸಿಯೂ ನೋಡುವುದಿಲ್ಲ. ಅದೇ ವರ್ಷದ ಶುರುವಿನಲ್ಲಿ ಕೋಡ್ ಬರೆಯುವ ಎಡಿಟರಾದ ವಿಎಸ್ ಕೋಡ್ ಅಪ್‌ಡೇಟ್ ಆಗಿ ಗ್ಲಿಬ್‌ಸಿ 2.28 ಬೇಕು ಅಂದಾಗ ಹಳೆಯ ಸರ್ವರಿಗೆ ಅದರ ಮೂಲಕ ಹೋಗುತ್ತಿದ್ದವರೆಲ್ಲ ಒಂದು ಬೆಳಿಗ್ಗೆ ಹೊರಗೇ ನಿಂತರು. ಕೂಗಾಟ ಜೋರಾದ ಮೇಲೆ ಸ್ವಲ್ಪ ಕಾಲ ಗಡುವು ಕೊಟ್ಟರು ಅನ್ನಿ.

ಪರಿಹಾರ ಅಂತ ಮೊದಲು ಎಲ್ಲರೂ ಹೇಳುವುದು ಪ್ಯಾಕೇಜ್ ಹಾಕಿಕೊಡುವ ಕೊಂಡಾ ಎಂಬ ಸಾಧನ. ಒಳ್ಳೆಯದೇ. ಮೂರೂ ಓಎಸ್‌ಗೆ ಪ್ಯಾಕೇಜ್ ಕೊಡುತ್ತದೆ, ಪೈಥಾನಿನ ಹೊರಗಿನ ಲೈಬ್ರರಿಗಳನ್ನೂ ತರುತ್ತದೆ. ಆದರೆ ಹೆಚ್ಚಿನವರು ಮಾಡುವ ತಪ್ಪು ಒಂದಿದೆ. ತಮ್ಮ ಎನ್ವಿರಾನ್ಮೆಂಟನ್ನು, ಅಂದರೆ ಹಾಕಿಕೊಂಡ ಪ್ಯಾಕೇಜುಗಳ ಗುಂಪನ್ನು, ಎಕ್ಸ್‌ಪೋರ್ಟ್ ಮಾಡಿ ಆ ಫೈಲನ್ನು ಪಕ್ಕದವರಿಗೆ ಕಳಿಸುತ್ತಾರೆ. ಅದರಲ್ಲಿ ಪ್ರತಿ ಪ್ಯಾಕೇಜಿನ ಮುಂದೆ ಆಯಾ ಓಎಸ್‌ಗೆ ಕಟ್ಟಿದ ಬಿಲ್ಡಿನ ಗುರುತು ಇರುತ್ತದೆ, ಲಿನಕ್ಸಿನ ಪಟ್ಟಿ ವಿಂಡೋಸಿಗೆ ಕೊಟ್ಟರೆ "ಇವು ಸಿಗಲಿಲ್ಲ" ಅಂತ ಮಾರುದ್ದ ಪಟ್ಟಿ ವಾಪಸ್ ಬರುತ್ತದೆ. ನೀವು ಕೇಳಿ ಹಾಕಿಸಿಕೊಂಡದ್ದಷ್ಟನ್ನೇ ಬರೆಸಿದರೆ ಎಲ್ಲ ಕಡೆ ಓಡುತ್ತದೆ, ಆದರೆ ಒಳಗಿನ ವರ್ಷನ್ನುಗಳು ಇವತ್ತೊಂದು ನಾಳೆಯೊಂದು. ಇವೆರಡರ ನಡುವಿನ ದಾರಿ ಲಾಕ್ ಫೈಲ್. ಕೊಂಡಾ-ಲಾಕ್, ಪಿಕ್ಸಿ ತರದ ಸಾಧನಗಳು ಮೂರೂ ಓಎಸ್‌ಗೆ ಬೇಕಾದ ನಿಖರ ವರ್ಷನ್ನುಗಳನ್ನು ಒಂದೇ ಫೈಲಿನಲ್ಲಿ ಬರೆದಿಡುತ್ತವೆ. ಹೊಸದಾಗಿ ಶುರು ಮಾಡುವ ಲ್ಯಾಬಿಗೆ ನಾನು ಹೇಳುವುದು ಪಿಕ್ಸಿ. ಆದರೆ ಇಲ್ಲೂ ಎರಡು ಎಚ್ಚರ. ಜೀವವಿಜ್ಞಾನದ ಬಯೋಕೊಂಡಾ ಭಂಡಾರ ವಿಂಡೋಸಿಗೆ ಪ್ಯಾಕೇಜ್ ಕೊಡುವುದೇ ಇಲ್ಲ. ಮತ್ತೆ ಕೊಂಡಾ ಮಾಡಿದ ಅನಕೊಂಡಾ ಕಂಪನಿ 2020ರಲ್ಲಿ ನಿಯಮ ಬದಲಾಯಿಸಿ, 200ಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆಗಳು ತನ್ನ ಮಾಮೂಲಿ ಚಾನೆಲ್ಲಿಗೆ (ಪ್ಯಾಕೇಜ್ ಭಂಡಾರಕ್ಕೆ) ದುಡ್ಡು ಕೊಡಬೇಕು ಅಂದಿತು, ಸಂಶೋಧನಾ ಸಂಸ್ಥೆಗಳಿಗೂ ಇದು ತಗಲುತ್ತದಾ ಎಂಬ ಗೊಂದಲ 2024ರಲ್ಲಿ ದೊಡ್ಡ ಚರ್ಚೆಯಾಯಿತು. ಮಿನಿಫೋರ್ಜ್ ಹಾಕಿಕೊಂಡು ಬಳಕೆದಾರರ ಸಮುದಾಯವೇ ನಡೆಸುವ ಕೊಂಡಾ-ಫೋರ್ಜ್ ಚಾನೆಲ್ಲನ್ನೇ ಬಳಸಿದರೆ ಆ ರಗಳೆ ಇಲ್ಲ.

ಲಾಕ್ ಫೈಲ್ ಇದ್ದ ಮಾತ್ರಕ್ಕೆ ಉತ್ತರ ಒಂದೇ ಬರುತ್ತದೆ ಅಂತಲೂ ಅಲ್ಲ. ವರ್ಷನ್ ಒಂದೇ ಆದರೂ ಒಳಗಿನ ಲೈಬ್ರರಿ ಬೇರೆ ಇರಬಹುದು, ಮೇಲೆ ಹೇಳಿದೆನಲ್ಲ.

ಆಮೇಲೆ ಕಂಟೇನರ್. 2013ರಲ್ಲಿ ಡಾಕರ್ ಬಂದಾಗಿನಿಂದ ಇದು ಸರ್ವರೋಗಕ್ಕೂ ಮದ್ದು ಎಂಬ ಮಾತು ಇದೆ. ಪ್ರೋಗ್ರಾಮು, ಅದರ ಲೈಬ್ರರಿಗಳು, ಅದಕ್ಕೆ ಬೇಕಾದ ಲಿನಕ್ಸಿನ ತುಂಡು, ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿ ಕೊಡುವುದು. ಲಿನಕ್ಸಿನಲ್ಲಿ ನಿಜವಾಗಿಯೂ ಚೆನ್ನಾಗಿದೆ. ಆದರೆ ಮ್ಯಾಕು, ವಿಂಡೋಸಿನಲ್ಲಿ ಡಾಕರ್ ಅಂದರೆ ಒಳಗೆ ಸದ್ದಿಲ್ಲದೆ ಓಡುವ ಒಂದು ಲಿನಕ್ಸ್ ಮಷೀನೇ. ಮೆಮೊರಿ ತಿನ್ನುತ್ತದೆ, ಸಾವಿರಾರು ಸಣ್ಣ ಫೈಲ್ ಓದುವಾಗ ತೆವಳುತ್ತದೆ, ಕಿಟಕಿ ತೆರೆದು ಮೌಸ್ ಹಿಡಿದು ಮಾಡುವ ಪ್ರೋಗ್ರಾಮಿಗೆ ಸರಿಹೋಗುವುದಿಲ್ಲ. ಇಂಟೆಲ್ ಚಿಪ್ಪಿಗೆ ಕಟ್ಟಿದ ಡಬ್ಬಿ ಹೊಸ ಮ್ಯಾಕಿನಲ್ಲಿ ಓಡಬೇಕಾದರೆ ಮತ್ತೆ ದುಭಾಷಿ ಬೇಕು. ಕ್ಲಸ್ಟರ್ ನೋಡಿಕೊಳ್ಳುವವರಂತೂ ಡಾಕರನ್ನು ಒಳಗೇ ಬಿಡುವುದಿಲ್ಲ, ಅದನ್ನು ಓಡಿಸುವ ಹಕ್ಕು ಕೊಟ್ಟರೆ ಹೆಚ್ಚುಕಡಿಮೆ ಇಡೀ ಮಷೀನಿನ ಬೀಗದ ಕೈ ಕೊಟ್ಟ ಹಾಗೆ. ಅದಕ್ಕೇ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಸಿಂಗ್ಯುಲಾರಿಟಿ ಹುಟ್ಟಿತು, 2021ರಲ್ಲಿ ಲಿನಕ್ಸ್ ಫೌಂಡೇಶನ್‌ಗೆ ಸೇರಿ ಆಪ್‌ಟೇನರ್ ಎಂದು ಹೆಸರು ಬದಲಾಯಿಸಿಕೊಂಡಿತು. ಇಡೀ ಡಬ್ಬಿ ಒಂದೇ ಫೈಲು, ಓಡಿಸುವವರಿಗೆ ತಮ್ಮ ಹಕ್ಕಿಗಿಂತ ಹೆಚ್ಚೇನೂ ಸಿಗುವುದಿಲ್ಲ. ಪೇಪರ್ ಕಳಿಸಿದ ದಿನ ಆ ಒಂದು ಫೈಲನ್ನು ಡೇಟಾ ಜೊತೆ ಎತ್ತಿಟ್ಟರೆ ಐದು ವರ್ಷದ ನಂತರ ರಿವ್ಯೂವರ್ ಅಲ್ಲ, ನೀವೇ ನಿಮಗೆ ಥ್ಯಾಂಕ್ಸ್ ಹೇಳುತ್ತೀರಿ.

ನನ್ನ ಒಲವು ಇರುವುದು ಬೇರೆ ಕಡೆ. ಸಾಫ್ಟ್‌ವೇರನ್ನು ಜನರ ಹತ್ತಿರ ಒಯ್ಯುವ ಬದಲು ಜನರನ್ನೇ ಸಾಫ್ಟ್‌ವೇರಿನ ಹತ್ತಿರ ಕರೆಯಿರಿ. ಲ್ಯಾಬಿನಲ್ಲಿ ಒಂದು ಲಿನಕ್ಸ್ ಸರ್ವರ್, ಅದರ ಮೇಲೆ ಜುಪಿಟರ್‌ಹಬ್ ಅಥವಾ ಆರ್‌ಸ್ಟುಡಿಯೋ ಸರ್ವರ್. ಬ್ರೌಸರ್ ಇರುವ ಯಾವ ಲ್ಯಾಪ್‌ಟಾಪಿನಿಂದಾದರೂ ಕೆಲಸ ನಡೆಯುತ್ತದೆ. ಅಪ್‌ಡೇಟ್ ಒಂದೇ ಕಡೆ, ತಪ್ಪಾದರೂ ಒಂದೇ ತಪ್ಪು. ವಿಂಡೋಸಿನವರಿಗೆ ಡಬ್ಲ್ಯುಎಸ್ಎಲ್ 2 ಇದೆ, ವಿಂಡೋಸಿನ ಒಳಗೇ ನಿಜವಾದ ಲಿನಕ್ಸ್ ಕರ್ನೆಲ್, ಮನೆಯಲ್ಲಿ ಕೂತು ಸ್ಕ್ರಿಪ್ಟ್ ತಿದ್ದಲು ಧಾರಾಳ ಸಾಕು. ಒಂದೇ ಮಾತು, ಡೇಟಾವನ್ನು ಲಿನಕ್ಸಿನ ಕಡೆಯ ಫೋಲ್ಡರಿನಲ್ಲೇ ಇಟ್ಟುಕೊಳ್ಳಿ. ಸಿ ಡ್ರೈವಿನಲ್ಲಿಟ್ಟು ಅಲ್ಲಿಂದ ಓದಿಸಿದರೆ ಆಮೆವೇಗ. ಸರ್ವರಿನ ಕಷ್ಟ ಏನೆಂದರೆ ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು, ಮತ್ತು ಆ ಒಬ್ಬರು ಸಾಮಾನ್ಯವಾಗಿ "ನಿನಗೆ ಕಂಪ್ಯೂಟರ್ ಗೊತ್ತಲ್ವಾ" ಎಂಬ ಒಂದೇ ಕಾರಣಕ್ಕೆ ಸಿಕ್ಕಿಹಾಕಿಕೊಂಡ ಪಿಎಚ್‌ಡಿ ವಿದ್ಯಾರ್ಥಿ. ಥೀಸಿಸ್ ಮುಗಿಸಿ ಹೊರಟರೆ ಪಾಸ್‌ವರ್ಡೂ ಅವರ ಜೊತೆ ಹೊರಡುತ್ತದೆ. ಈ ಕೆಲಸಕ್ಕೆ ಪೇಪರಿನಲ್ಲಿ ಹೆಸರು ಹಾಕುವುದಿಲ್ಲ, ಯಾರೂ ಲೆಕ್ಕಕ್ಕೂ ಇಡುವುದಿಲ್ಲ. ನನಗಿದು ಶುದ್ಧ ಅನ್ಯಾಯ ಅನ್ನಿಸುತ್ತದೆ.

ದುಡ್ಡು ಕೊಟ್ಟು ತರುವ ಸಾಫ್ಟ್‌ವೇರಿನ ಕಥೆ ಚಿಕ್ಕದು. ಒಂದೇ ಮಷೀನಿಗೆ ಕಟ್ಟಿದ ಲೈಸೆನ್ಸಿಗಿಂತ ಸರ್ವರಿನಿಂದ ಹಂಚುವ ಲೈಸೆನ್ಸು ಮೇಲು. ತೆಗೆದುಕೊಳ್ಳುವ ಮೊದಲು ಮೂರೂ ಓಎಸ್‌ಗೆ ಒಂದೇ ವರ್ಷನ್ ಕೊಡುತ್ತಾರಾ ಅಂತ ಕೇಳಿ. "ಮ್ಯಾಕಿಗೂ ಇದೆ" ಎಂಬ ಉತ್ತರ ಸಾಲದು. ಮ್ಯಾಕಿನದು ಎರಡು ವರ್ಷ ಹಿಂದಿನ ವರ್ಷನ್ ಆಗಿರಬಹುದು.

ಎಲ್ಲರಿಗೂ ಒಂದೇ ಓಎಸ್ ಕಡ್ಡಾಯ ಮಾಡಿಬಿಟ್ಟರೆ ಅಂತ ಕೇಳುವವರಿದ್ದಾರೆ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಉಪಕರಣದ ಕಂಪ್ಯೂಟರ್ ನಿಮ್ಮ ಮಾತು ಕೇಳುವುದಿಲ್ಲ, ಬೇರೆ ಊರಿನ ಸಹಲೇಖಕರು ಕೇಳುವುದಿಲ್ಲ. ಇನ್ನೂ ಒಂದು ಮುಖ್ಯ ಮಾತು: ಹವಾಯಿಯವರು ಆ ತಪ್ಪು ಹಿಡಿದದ್ದೇ ಬೇರೆ ಬೇರೆ ಓಎಸ್‌ನಲ್ಲಿ ಓಡಿಸಿದ್ದರಿಂದ. ಎಲ್ಲರ ಹತ್ತಿರ ವಿಂಡೋಸ್ 10 ಇದ್ದಿದ್ದರೆ ಎಲ್ಲರಿಗೂ 173.2 ಬರುತ್ತಿತ್ತು, ಸ್ಕ್ರಿಪ್ಟಿನ ಒಳಗಿನ ಹುಳುಕು ಹಾಗೇ ಕೂತಿರುತ್ತಿತ್ತು. ಬೆರಕೆ ಲ್ಯಾಬು ತಲೆನೋವು ಹೌದು, ಪುಕ್ಕಟೆ ಪರೀಕ್ಷಕನೂ ಹೌದು. ಆ ಪರೀಕ್ಷಕನನ್ನು ಕೆಲಸಕ್ಕೆ ಹಚ್ಚುತ್ತಿಲ್ಲ ನಾವು, ಅಷ್ಟೇ.

ಹಚ್ಚುವುದು ಕಷ್ಟವಿಲ್ಲ. ಪ್ರತಿ ಸ್ಕ್ರಿಪ್ಟಿನ ಪಕ್ಕ 'ಉತ್ತರ' ಅಂತ ಒಂದು ಫೋಲ್ಡರ್ ಇಡಿ. ಒಳಗೆ ಒಂದು ಸಣ್ಣ ಡೇಟಾ, ಅರ್ಧ ನಿಮಿಷದಲ್ಲಿ ಓಡಿ ಮುಗಿಯುವಂಥದ್ದು. ಅದಕ್ಕೆ ಬರಬೇಕಾದ ಉತ್ತರ, ಸಾಧ್ಯವಾದರೆ ಕೈಯಲ್ಲೇ ಲೆಕ್ಕ ಹಾಕಿದ್ದು. ಎಷ್ಟು ವ್ಯತ್ಯಾಸ ಬಂದರೆ ಪರವಾಗಿಲ್ಲ ಎಂಬ ಒಂದು ಸಂಖ್ಯೆ. ಡೇಟಾ ಸಣ್ಣದಿದ್ದರೂ ಅದರಲ್ಲಿ ಕಿತಾಪತಿ ಇರಲಿ: ಫೈಲುಗಳ ಹೆಸರು ಅಕ್ಷರ ಕ್ರಮ ತಪ್ಪಿರಲಿ, ಒಂದು ಹೆಸರಲ್ಲಿ ಸ್ಪೇಸ್ ಇರಲಿ, ಮೊತ್ತ 429 ಕೋಟಿ ದಾಟುವ ಒಂದು ಚಿತ್ರ ಇರಲಿ. ಹೊಸ ಲ್ಯಾಪ್‌ಟಾಪು ಬಂದಾಗ, ಓಎಸ್ ಅಪ್‌ಡೇಟ್ ಆದಾಗ, ಪ್ಯಾಕೇಜ್ ಬದಲಾದಾಗ ಮೊದಲು ಓಡಿಸಬೇಕಾದ್ದು ಇದು. ಕೋಡ್ ಗಿಟ್‌ಹಬ್‌ನಲ್ಲಿ ಬಹಿರಂಗವಾಗಿದ್ದರೆ ಇನ್ನೂ ಸುಲಭ, ಪ್ರತಿ ಬದಲಾವಣೆಗೂ ಉಬುಂಟು, ವಿಂಡೋಸ್, ಮ್ಯಾಕ್ ಮೂರರಲ್ಲೂ ಅದೇ ಓಡಿಸಿ ಹೇಳುತ್ತದೆ, ದುಡ್ಡೂ ಕೇಳುವುದಿಲ್ಲ. ಇದರ ಜೊತೆ ಒಂದು ಒಪ್ಪಂದ: ಯಾರು ಎಲ್ಲಿ ಬೇಕಾದರೂ ಕೆಲಸ ಮಾಡಲಿ, ಪೇಪರಿಗೆ ಹೋಗುವ ಸಂಖ್ಯೆ ಮಾತ್ರ ಒಂದೇ ಮಷೀನಿನಿಂದ, ಲಾಕ್ ಆದ ಒಂದೇ ಎನ್ವಿರಾನ್ಮೆಂಟಿನಿಂದ ಬರಬೇಕು.

ನಾವು ಈ ಫೋಲ್ಡರ್ ಇಟ್ಟ ಮೊದಲ ದಿನ ಐದು ಮಷೀನಿನಲ್ಲಿ ಓಡಿಸಿದೆವು. ನಾಲ್ಕು ಪಾಸಾದವು. ಫೇಲಾದದ್ದು ಹೊಸಬರ ವಿಂಡೋಸ್ ಅಲ್ಲ, ಮೂಲೆಯ ಮುದಿ ಕಂಪ್ಯೂಟರೂ ಅಲ್ಲ. ಗೈಡ್ ಅವರ ಮ್ಯಾಕು. ಮೂರು ವರ್ಷದಿಂದ ಅಪ್‌ಡೇಟ್ ಮಾಡದ ಒಂದು ಲೈಬ್ರರಿ ಅದರಲ್ಲಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಕುರ್ಚಿ ಎಳೆದುಕೊಂಡು ಕೂತು, "ಹಾಗಾದ್ರೆ ಹೋದ ವರ್ಷದ ಎರಡನೇ ಗ್ರಾಫ್ ತೆಗೀರಿ, ಅದನ್ನ ಮಾಡಿದ್ದು ನಾನೇ" ಅಂದರು.